ಲೋಪ ಎಂದು ಬರೆದ ವೈರು

ರಮೇಶ್‌ಬಾಬುವಿಗೆ ಒಂದು ಕಡೆ ಕೂತು ಗೊತ್ತಿಲ್ಲ. ದಿಬ್ಬೂರಹಳ್ಳಿಯ ಮನೆಯಲ್ಲಿ ಊಟಕ್ಕೆ ಕೂತರೂ ಮುದ್ದೆ ಮುರಿಯುವುದರೊಳಗೆ ಎದ್ದುಹೋಗಿ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿ ಬರುತ್ತಾನೆ. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಮೇಸ್ತ್ರಿಯಾಗಿದ್ದ, ಬಿಟ್ಟ. ಮೇಲೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ, ಮುಚ್ಚಿದ. ವಿಮೆ ಮಾಡಿಸುವ ಕೆಲಸ ಹಿಡಿದಾಗ ನೆಂಟರೆಲ್ಲ ಅವನನ್ನು ಕಂಡರೆ ಹಿತ್ತಲ ಬಾಗಿಲು ಹುಡುಕತೊಡಗಿದರು, ಅದನ್ನೂ ಬಿಟ್ಟ. ಈಗ ಶಿಡ್ಲಘಟ್ಟ, ಚಿಂತಾಮಣಿಯ ಹೊಸ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ ಹೋಂ ಥಿಯೇಟರ್ ಕೂಡಿಸಿಕೊಡುತ್ತಾನೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್ ಎಲ್ಲವನ್ನೂ ರಿಸೀವರ್ ಎಂಬ ಒಂದು ಕಪ್ಪು ಪೆಟ್ಟಿಗೆಗೆ ತಂದು ಸೇರಿಸಿ, ಅಲ್ಲಿಂದ ಐದು ಸ್ಪೀಕರಿಗೆ ಶಬ್ದ ಹಂಚುವ ಕೆಲಸ. ರಿಸೀವರಿನ ಬೆನ್ನಿನ ತೂತುಗಳ ಮುಂದೆ ಮಾತ್ರ ಅವನು ಬಗ್ಗಿದವನು ಬಗ್ಗಿದಂತೆಯೇ ಇರುತ್ತಾನೆ.

ಆದರೆ ಈ ಕೆಲಸ ತಿಂಗಳಿಗೊಂದು ಸಿಕ್ಕರೆ ಹೆಚ್ಚು. ಹೆಂಡತಿ ಹರಿತಾಳ ತಮ್ಮ ಚಿರಂಜೀವಿ ಹಾಲಿನ ಸಂಘದಲ್ಲಿ ಕಾರ್ಯದರ್ಶಿ. ಹಾಲು ಪರೀಕ್ಷೆ ಮಾಡುವವನ ಜಾಗ ಖಾಲಿಯಿದೆ, ಭಾವನಿಗಾಗಿ ಸೋಮವಾರದವರೆಗೆ ಹಿಡಿದಿಟ್ಟಿದ್ದೇನೆ ಎಂದಿದ್ದ. ಭಾನುವಾರ ಬೆಳಿಗ್ಗೆ ಹರಿತಾ ಕಾಫಿ ಲೋಟ ಕೊಡುತ್ತಾ ನಿಧಾನವಾಗಿಯೇ ಹೇಳಿದಳು: "ಇವತ್ತು ಆ ಚಿಂತಾಮಣಿಯವರು ಒಪ್ಪಿದ್ರೆ ನಿಮ್ಮಿಷ್ಟ. ಇಲ್ದಿದ್ರೆ ನಾಳೆ ಡೈರಿಗೆ ಹೋಗಿ. ಆಮೇಲೆ ನನ್ನ ಕೇಳ್ಬೇಡಿ."

ಚಿಂತಾಮಣಿಯವರು ಎಂದರೆ ಶ್ಯಾಮಲಮ್ಮ ಮತ್ತು ಅವರ ಗಂಡ ವೆಂಕಟರವಣಪ್ಪ. ಹೊಸ ಮನೆ ಕಟ್ಟಿಸುತ್ತಿದ್ದರು. ಅದೇ ಬಡಾವಣೆಯ ಕನ್ನಡ ಮೇಷ್ಟ್ರು ವಾದಿರಾಜರ ಮನೆಯಲ್ಲಿ ರಮೇಶ್‌ಬಾಬು ಸಂಕ್ರಾಂತಿಗೆ ಮೊದಲು ಕೂಡಿಸಿದ್ದ ಥಿಯೇಟರನ್ನು ನೋಡಿ, ಹಿಡಿಸಿದರೆ ತಮ್ಮಲ್ಲೂ ಮಾಡಿಸುವುದೆಂದು ಮಾತಾಗಿತ್ತು. ಬೆಳಿಗ್ಗೆ ಕೈವಾರಕ್ಕೆ ಹೋಗಿ ಪ್ರಸಾದ ಮುಗಿಸಿಕೊಂಡು, ಮಧ್ಯಾಹ್ನ ಕ್ರಿಕೆಟ್ ಪಂದ್ಯದ ಹೊತ್ತಿಗೆ ಮೇಷ್ಟ್ರ ಮನೆಗೆ ಬರುತ್ತೇವೆ ಎಂದಿದ್ದರು.

ಅವನು ಬೈಕ್ ಒರೆಸುತ್ತಿದ್ದಾಗ ಮೇಷ್ಟ್ರ ಫೋನು ಬಂತು.

"ಬಾಬು, ಚಿತ್ರ ಬರ್ತಿದೆ. ಶಬ್ದ ಒಂದು ಚೂರೂ ಇಲ್ಲ."

"ಯಾವುದಾದ್ರೂ ವೈರ್ ಮುಟ್ಟಿದ್ರಾ ಮೇಷ್ಟ್ರೇ?"

"ಕೆಟ್ಟಿರೋದನ್ನ ತೆಗೆದೆ ಅಷ್ಟೆ. ಚೆನ್ನಾಗಿರೋದನ್ನ ಯಾಕೆ ಮುಟ್ಟಲಿ?"

ಯಾವುದು ಕೆಟ್ಟಿತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದ. ಎರಡು ಕಡೆ ಬೈಕ್ ನಿಲ್ಲಿಸಿ ಫೋನ್ ಮಾಡಿದ, ಮೇಷ್ಟ್ರು ಎತ್ತಲಿಲ್ಲ. ಮನೆ ಮುಟ್ಟಿದಾಗ ಅವರು ಪಂಚೆ ಎತ್ತಿ ಕಟ್ಟಿ ಟಿವಿಯ ಮುಂದೆ ನಿಂತು, ರಿಮೋಟನ್ನು ಅಂಗೈಗೆ ಬಡಿಯುತ್ತಿದ್ದರು. ಹೆಂಡತಿ ರಂಜನಿ ಹಪ್ಪಳ ಕರಿಯುತ್ತಿದ್ದ ವಾಸನೆ ಬರುತ್ತಿತ್ತು.

ರಮೇಶ್‌ಬಾಬು ರಿಸೀವರನ್ನು ತಿರುಗಿಸಿ ನೋಡಿದ. ಒಳಬರುವ ತೂತುಗಳೆಲ್ಲ ಖಾಲಿ. ಸೆಟ್‌ಟಾಪ್ ಬಾಕ್ಸನ್ನು ಮೇಷ್ಟ್ರು ಅದರ ಜೊತೆಗೇ ಬಂದಿದ್ದ ಮೋಟು ವೈರಿನಿಂದ ನೇರ ಟಿವಿಗೆ ಸಿಕ್ಕಿಸಿದ್ದರು. ಟಿವಿಯ ಸ್ವಂತ ಸ್ಪೀಕರನ್ನು ಅವನೇ ಅಂದು ಬಂದ್ ಮಾಡಿದ್ದ. ಇನ್ನು ಶಬ್ದ ಎಲ್ಲಿಂದ ಬರಬೇಕು?

"ಎರಡು ವೈರಿತ್ತಲ್ಲ ಇಲ್ಲಿ, ಎಲ್ಲಿ ಮೇಷ್ಟ್ರೇ?"

"ಗುಜರಿಯವನಿಗೆ ಹಾಕಿದೆ. ಸುಣ್ಣ ಬಳಿಸೋಕೆ ಎಲ್ಲಾ ಎಳೆದಾಗ ನೋಡಿದೆ. ನೀನೇ ಪಟ್ಟಿ ಅಂಟಿಸಿ ಲೋಪ ಅಂತ ಬರೆದಿದ್ದೆ. ಲೋಪ ಇರೋ ವೈರು ಹಾಕಿ ಹೋಗಿದಾನಲ್ಲ ಅಂತ ನನಗೂ ಬೇಜಾರಾಯ್ತು, ಹೇಳಲಿಲ್ಲ."

ರಮೇಶ್‌ಬಾಬು ರಿಸೀವರಿನ ಬೆನ್ನಿನಿಂದ ತಲೆ ಎತ್ತಿದ. ಅವನ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ತೆಲುಗು ಅಕ್ಷರ ಬಾರದು. ತಲೆಯಲ್ಲಿ ಬಂದ ತೆಲುಗನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ರೂಢಿ. ಇನ್ ಎಂದು ಬರೆದರೆ ಟಿವಿಯ ಇನ್ನೋ ರಿಸೀವರಿನ ಇನ್ನೋ ಎಂದು ಜನ ಗೊಂದಲ ಮಾಡಿಕೊಳ್ಳುತ್ತಾರೆಂದು, ರಿಸೀವರಿನ ಒಳಕ್ಕೆ ಹೋಗುವ ವೈರಿಗೆಲ್ಲ 'ಲೋಪಲ' ಎಂದು ಪಟ್ಟಿ ಅಂಟಿಸುತ್ತಿದ್ದ. ಲೋಪಲ ಎಂದರೆ ತೆಲುಗಿನಲ್ಲಿ ಒಳಗೆ. ಪಟ್ಟಿ ಸಣ್ಣದಾದ್ದರಿಂದ ಇಲ್ಲಿ ಕೊನೆಯ ಅಕ್ಷರ ಬಿಟ್ಟಿದ್ದ.

"ಅದು ಲೋಪಲ ಮೇಷ್ಟ್ರೇ. ಒಳಗೆ ಅಂತ."

ಮೇಷ್ಟ್ರು ರಿಮೋಟನ್ನು ಕೆಳಗಿಟ್ಟರು. "ಬಾಯಲ್ಲಿ ಹೇಳಿದ್ರೆ ನಂಗೂ ತೆಲುಗು ಬರುತ್ತಪ್ಪ. ಕನ್ನಡದಲ್ಲಿ ಬರೆದ್ಮೇಲೆ ಕನ್ನಡ ಅಂತಲೇ ಓದ್ತೀನಿ."

"ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿ ತಿದ್ದಿ ಇವರಿಗೆ ಎಲ್ಲಾ ಕಡೆ ಲೋಪವೇ ಕಾಣ್ಸೋದು," ಎಂದು ರಂಜನಿ ಅಡುಗೆಮನೆಯಿಂದಲೇ ಅಂದರು. "ಅವರು ಕೈವಾರದಲ್ಲಿ ಬಸ್ ಹತ್ತಿದ್ರಂತೆ. ಏನಾದ್ರೂ ಮಾಡಪ್ಪ."

ಭಾನುವಾರ, ಬಜಾರಿನಲ್ಲಿ ಅವನಿಗೆ ಗೊತ್ತಿದ್ದ ಅಂಗಡಿ ತೆರೆಯುವುದಿಲ್ಲ. ಚೀಲದಲ್ಲಿ ಅಂಥ ವೈರು ಇರಲಿಲ್ಲ, ಗೋಡೆಗೆ ಬಿಗಿದ ಸೆಟ್‌ಟಾಪ್ ಬಾಕ್ಸಿನ ಮೋಟು ವೈರು ರಿಸೀವರಿನವರೆಗೆ ಮುಟ್ಟುತ್ತಿರಲಿಲ್ಲ. ಹೊರಗೆ ಹೋಗಿ ಬೈಕಿನ ಡಬ್ಬಿಯಲ್ಲಿ ಹುಡುಕಿದ, ಒಳಗೆ ಬಂದ, ಮತ್ತೆ ಹೋದ. ಕೊನೆಗೆ ಕಣ್ಣಿಗೆ ಬಿದ್ದದ್ದು ರಿಸೀವರಿನಿಂದ ಟಿವಿಗೆ ಹೋಗಿದ್ದ, ಮೇಷ್ಟ್ರು ಮುಟ್ಟದೆ ಬಿಟ್ಟಿದ್ದ ವೈರು. ಚಿತ್ರವನ್ನು ಟಿವಿಗೆ ಒಯ್ಯುವ ಆ ವೈರಿನಲ್ಲೇ ಟಿವಿಯ ಶಬ್ದ ರಿಸೀವರಿಗೆ ವಾಪಸು ಬರಬಲ್ಲದು, ಟಿವಿಯ ಸರಿಯಾದ ತೂತಿಗೆ ಹಾಕಿದರೆ. ಅದನ್ನು ಕಿತ್ತು, 'ಎಆರ್‌ಸಿ' ಎಂದು ಬರೆದಿದ್ದ ತೂತಿಗೆ ಸಿಕ್ಕಿಸಿದ. ಟಿವಿಯಲ್ಲೂ ರಿಸೀವರಿನಲ್ಲೂ ಆ ವ್ಯವಸ್ಥೆಯನ್ನು ಚಾಲೂ ಮಾಡಿದ. ಮುಂದಿನ ಎರಡು ಸ್ಪೀಕರಿನಿಂದ ವೀಕ್ಷಕ ವಿವರಣೆ ಬಂತು.

ನಡುವಿನದು ಮತ್ತು ಹಿಂದಿನ ಎರಡು ಬಾಯಿ ಬಿಡಲಿಲ್ಲ. ಟಿವಿ ಹಳೆಯದು, ಬಂದ ಶಬ್ದವನ್ನು ಎಡ ಬಲ ಎರಡೇ ಮಾಡಿ ಹಿಂದಕ್ಕೆ ಕಳಿಸುತ್ತಿತ್ತು.

ಗೇಟಿನ ಸದ್ದಾಯಿತು. ಶ್ಯಾಮಲಮ್ಮ ಪ್ರಸಾದದ ಪೊಟ್ಟಣ ಹಿಡಿದು ಒಳಗೆ ಬಂದರು. ಹಿಂದೆ ವೆಂಕಟರವಣಪ್ಪ, ಚಪ್ಪಲಿ ಬಿಡುತ್ತಲೇ ಸ್ಕೋರ್ ಕೇಳುತ್ತಾ. ರಮೇಶ್‌ಬಾಬು ರಿಮೋಟಿನ ಒಂದು ಗುಂಡಿ ಒತ್ತಿದ. ಮುಂದಿನ ಎರಡಕ್ಕೆ ಬರುವ ಶಬ್ದವನ್ನೇ ಐದಕ್ಕೂ ಹಂಚುವ ಗುಂಡಿ ಅದು. ಕೋಣೆ ತುಂಬಿಹೋಯಿತು. ಹಿಂದಿನ ಸ್ಪೀಕರ್ ಕೆಳಗೆ ಕೂತ ಶ್ಯಾಮಲಮ್ಮ ತಲೆ ಎತ್ತಿ ನೋಡಿದರು.

"ಇಲ್ಲೂ ಬರ್ತಿದೆ ನೋಡ್ರೀ," ಎಂದರು ಗಂಡನಿಗೆ.

"ಥಿಯೇಟರ್ ಇದ್ದಂಗೇ ಇದೆ," ಎಂದರು ವೆಂಕಟರವಣಪ್ಪ. "ನಮ್ಮ ಹಾಲ್‌ಗೂ ಇಂಥದ್ದೇ ಆಗ್ಲಿ. ಬುಧವಾರ ಬಂದು ಅಳತೆ ತಗೊಳ್ಳಪ್ಪ."

ಆಗಿಹೋಯಿತು ಎಂದು ಮೇಷ್ಟ್ರು ಕಣ್ಣು ಮಿಟುಕಿಸಿದರು. ರಂಜನಿ ತಟ್ಟೆ ತಂದರು. ರಮೇಶ್‌ಬಾಬು ಹಪ್ಪಳ ಮುರಿದ, ತಿನ್ನಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದ, ಹಿಂದಿನ ಸ್ಪೀಕರಿಗೆ ಕಿವಿ ಕೊಟ್ಟ. ಮೈದಾನದ ಜನರ ಗದ್ದಲವಷ್ಟೇ ಬರಬೇಕಾದ ಜಾಗದಲ್ಲಿ ವಿವರಣೆಗಾರ ಬೆನ್ನ ಹಿಂದೆ ನಿಂತು ಮಾತಾಡುತ್ತಿದ್ದ. ಬಂದು ಕೂತ. ಮತ್ತೆ ಎದ್ದ.

"ಕೂತ್ಕೊಳ್ಳಪ್ಪ, ಇರುವೆ ಕಚ್ಚಿತಾ?" ಎಂದರು ಶ್ಯಾಮಲಮ್ಮ.

"ಅಣ್ಣ, ಇದು ಸುಳ್ಳು ಸದ್ದು," ಎಂದ ಅವನು ವೆಂಕಟರವಣಪ್ಪನಿಗೆ. ಗುಂಡಿ ಒತ್ತಿ ಹಿಂದಿನದನ್ನು ನಿಲ್ಲಿಸಿ ತೋರಿಸಿದ. "ಎರಡೇ ಆಡ್ತಿರೋದು. ಮಿಕ್ಕಿದ್ದು ಬರೀ ನಕಲು. ವೈರ್ ಹಾಕಿದ್ರೆ ಸರಿಹೋಗುತ್ತೆ. ಇವತ್ತು ಹಂಗಿಲ್ಲ."

ವೆಂಕಟರವಣಪ್ಪ ಹೆಂಡತಿಯ ಮುಖ ನೋಡಿದರು. "ನಮಗೇನೂ ಗೊತ್ತಾಗ್ಲಿಲ್ವಲ್ಲಪ್ಪ. ನೀನ್ಯಾಕೆ ಹೇಳಕ್ ಹೋದೆ?" ಎಂದವರೇ, "ಹಂಗಾದ್ರೆ ಪೂರ್ತಿ ಸರಿ ಮಾಡಿ ತೋರ್ಸು. ಆಮೇಲೆ ನೋಡೋಣ," ಎಂದರು. ಬುಧವಾರದ ಮಾತು ಮತ್ತೆ ಬರಲಿಲ್ಲ.

"ನನ್ನ ಬಾಯಿ ಸುಮ್ನಿರಲ್ಲ ಅಂತಿದ್ದೆ," ಎಂದು ಮೇಷ್ಟ್ರು ಗೇಟಿನವರೆಗೂ ಬಂದು ಮೆಲ್ಲಗೆ ಹೇಳಿದರು. "ನಿಂದು ನಂದಕ್ಕಿಂತ ಒಂದು ಕೈ ಮೇಲು."

ಬಾಗೇಪಲ್ಲಿಯ ಕಡೆ ಒಬ್ಬನ ಹತ್ತಿರ ಆ ವೈರು ಸಿಗಬಹುದೆಂದು ಬೈಕ್ ಸ್ಟಾರ್ಟ್ ಮಾಡಿದ್ದೇ ತಡ, ಹರಿತಾ ಫೋನ್ ಮಾಡಿದಳು.

"ಒಪ್ಪಿದ್ರಾ?"

"ಒಪ್ಪಿದ್ರು. ಆಮೇಲೆ ನೋಡೋಣ ಅಂದ್ರು."

"ನೀವೇನ್ ಮಾಡಿದ್ರಿ?"

ಹೇಳಿದ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಚಿರಂಜೀವಿಗೆ ನೀವೇ ಫೋನ್ ಮಾಡಿ. ಡೈರಿಗೆ ಬರ್ತೀನಿ ಅಂತಾದ್ರೂ ಹೇಳಿ, ಬರಲ್ಲ ಅಂತಾದ್ರೂ ಹೇಳಿ. ನನ್ ಬಾಯಲ್ಲಿ ಹೇಳಿಸ್ಬೇಡಿ," ಎಂದು ಇಟ್ಟಳು.

ಎಂಜಿನ್ ಆರಿಸದೆಯೇ ಅವನು ಭಾವಮೈದನಿಗೆ ಫೋನ್ ಮಾಡಿದ.

"ಭಾವ, ನಾಳೆ ಆರಕ್ಕೆಲ್ಲ ಬಂದ್ಬಿಡಿ. ಹಾಲು ಬೇಗ ಬರುತ್ತೆ."

"ಇಲ್ಲ ಕಣೋ. ಬೇರೆಯವರನ್ನ ನೋಡ್ಕೋ."

"ಅಧ್ಯಕ್ಷರು ಕೇಳ್ತಾರೆ. ಏನು ಕಾರಣ ಹೇಳ್ಲಿ?"

"ಹಿಂದಿನ ಎರಡು ಸ್ಪೀಕರ್ ಇನ್ನೂ ಆಡ್ತಿಲ್ಲ ಅಂತ ಹೇಳು," ಎಂದು ರಮೇಶ್‌ಬಾಬು ಗೇರ್ ಹಾಕಿದ.