ಮೊಸರು ಗಂಡೋ ಹೆಣ್ಣೋ

ಮೂರು ತಿಂಗಳ ಕಾಲ ಲೀಲಮ್ಮ ಮನೆಯವರಿಗೆ ಸುಳ್ಳು ಹೇಳಿದರು. ವಾರಕ್ಕೆರಡು ದಿನ, ಮಗ ಜೀವನ್ ಮತ್ತು ಸೊಸೆ ಧಾರಿಣಿ ಆಫೀಸಿಗೆ, ಮೊಮ್ಮಗಳು ಹರಿಣಿ ಸ್ಕೂಲಿಗೆ ಹೋದ ಮೇಲೆ, ಮೊಣಕಾಲಿನ ಫಿಜಿಯೋಥೆರಪಿ ಎಂದು ದಿಲ್ಲಿ ಪಕ್ಕದ ಇಂದಿರಾಪುರಂನ ಫ್ಲ್ಯಾಟಿಗೆ ಬೀಗ ಹಾಕಿ ಹೊರಡುತ್ತಿದ್ದರು. ಆಟೋದಲ್ಲಿ ವೈಶಾಲಿ, ಅಲ್ಲಿಂದ ಮೆಟ್ರೋದಲ್ಲಿ ಲಕ್ಷ್ಮೀ ನಗರ. ಸಿಎ ಕೋಚಿಂಗಿಗೆ ಬಂದ ಹುಡುಗರು ಮೆಟ್ಟಿಲ ತುಂಬ ಕೂತಿರುತ್ತಿದ್ದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆಯಲ್ಲಿ ಕೂತು, ಅವರು ಒಂದು ಗೊಂಬೆಗೆ ಧ್ವನಿ ಕೊಡುತ್ತಿದ್ದರು. ಅದೇ ಗೊಂಬೆಗೆ ಅವರು ಧ್ವನಿ ಕೊಡುತ್ತಿದ್ದುದು ಇದು ಎರಡನೇ ಸಲ.

ಮೊದಲ ಸಲ ಕೊಟ್ಟದ್ದು ಮೂವತ್ತು ವರ್ಷದ ಹಿಂದೆ. ಗಂಡ ದೇವೇಂದ್ರಪ್ಪ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಗುಮಾಸ್ತರು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಸಂಸಾರ. ದಾವಣಗೆರೆಯಿಂದ ಬಂದ ಲೀಲಮ್ಮ ಕನ್ನಡದವರು ಆಡುತ್ತಿದ್ದ ನಾಟಕಗಳಲ್ಲಿ ಬಾಯಿಜೋರಿನ ಅತ್ತೆಯ ಪಾತ್ರ ಮಾಡುತ್ತಿದ್ದರು. ಅಂಥದ್ದೊಂದು ನಾಟಕ ನೋಡಲು ಬಂದಿದ್ದ ಕಿಶನ್ ಎಂಬ ಹುಡುಗ ಅವರ ಧ್ವನಿ ಕೇಳಿ ಮನೆಗೇ ಬಂದ. ಅವನು ಗೊಂಬೆ ಆಡಿಸುವವನು. ‘ಡಿಬ್ಬಾ ಮೊಹಲ್ಲಾ’ ಎಂಬ ಹಿಂದಿ ಹಾಸ್ಯ ಧಾರಾವಾಹಿ ಪ್ರತಿ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರಲಿತ್ತು. ಅದರಲ್ಲಿ ಒಂದು ಗಲ್ಲಿಯ ಜನರೆಲ್ಲ ಬಟ್ಟೆಯ ಗೊಂಬೆಗಳೇ. ಆ ಗಲ್ಲಿಯ ದಕ್ಷಿಣದ ಹೆಂಗಸಿಗೆ ಲೇಖಕರು ಇಟ್ಟ ಹೆಸರು ಮದ್ರಾಸಿ ಮೌಸಿ, ಅಂದರೆ ಮದ್ರಾಸಿ ಚಿಕ್ಕಮ್ಮ.

ಮೌಸಿಯ ಕೆಲಸ ಏನಂದರೆ, ಹಿಂದಿಯನ್ನು ತಪ್ಪು ತಪ್ಪಾಗಿ ಮಾತಾಡಿ “ಅಯ್ಯಯ್ಯೋ” ಎನ್ನುವುದು. ಲೀಲಮ್ಮನ ಹಿಂದಿಯೂ ಹಾಗೇ ಇತ್ತು. ವಿಂಧ್ಯದ ಉತ್ತರಕ್ಕೆ ಕುರ್ಚಿಗೂ ಬಸ್ಸಿಗೂ ಗಂಡು ಹೆಣ್ಣು ಎಂಬ ಭೇದ ಇರುತ್ತದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. “ಪಲಂಗ್ ಗಂಡಸು, ಚಾರ್‌ಪಾಯಿ ಹೆಂಗಸು. ಎರಡರ ಮೇಲೂ ಮಲಗೋದೇ ತಾನೆ?” ಎಂದು ಅವರು ರಿಹರ್ಸಲ್‌ನಲ್ಲಿ ಕೇಳಿದಾಗ ಕಿಶನ್ ಬಿದ್ದು ಬಿದ್ದು ನಕ್ಕ. ಆ ಮಾತನ್ನು ಸೇರಿಸೋಣ ಎಂದು ಅವನು ಹೇಳಿದರೆ ಲೇಖಕರು ಒಪ್ಪಲಿಲ್ಲ. ಮೌಸಿ ಪ್ರಶ್ನೆ ಕೇಳಬಾರದು, ತಪ್ಪು ಮಾಡಿದರೆ ಸಾಕು ಎಂದರು.

ಧಾರಾವಾಹಿ ಚೆನ್ನಾಗಿ ಓಡಿತು. ತರಕಾರಿ ಭಯ್ಯಾ ಕೂಡ ಲೀಲಮ್ಮನನ್ನು ಕಂಡರೆ “ಅಯ್ಯಯ್ಯೋ” ಎನ್ನುತ್ತಿದ್ದ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನಾಲ್ಕನೇ ಕ್ಲಾಸಿನಲ್ಲಿದ್ದ ಜೀವನ್ ಒಂದು ಸಂಜೆ ಬ್ಯಾಗು ಎಸೆದು, “ಅಮ್ಮ, ನಾಳೆ ಪೇರೆಂಟ್ಸ್ ಮೀಟಿಂಗಿಗೆ ನೀನು ಬರಬೇಡ, ಅಪ್ಪ ಬರಲಿ. ನೀನು ಬಾಯಿ ಬಿಟ್ಟರೆ ನೀನೇ ಮೌಸಿ ಅಂತ ಎಲ್ಲರಿಗೂ ಗೊತ್ತಾಗುತ್ತೆ” ಎಂದ.

ಅವರು ಹೋಗಲಿಲ್ಲ. ಒಪ್ಪಿಕೊಂಡಿದ್ದ ಕಂತುಗಳನ್ನು ಮುಗಿಸಿ, ಮನೆಯಲ್ಲಿ ಕೆಲಸ ಜಾಸ್ತಿ ಎಂದು ಕಿಶನ್‌ಗೆ ಹೇಳಿ ಬಿಟ್ಟುಬಿಟ್ಟರು. ಬೇರೆ ಯಾರದೋ ಧ್ವನಿಯಲ್ಲಿ ಮೌಸಿ ಆರು ತಿಂಗಳು ಕುಂಟಿದಳು, ಆಮೇಲೆ ಧಾರಾವಾಹಿಯೇ ನಿಂತಿತು. ಯಾಕೆ ಬಿಟ್ಟೆ ಎಂದು ದೇವೇಂದ್ರಪ್ಪ ಕೇಳಿದಾಗಲೂ ಅವರು ನಿಜ ಹೇಳಲಿಲ್ಲ. ಆರು ವರ್ಷದ ಹಿಂದೆ ದೇವೇಂದ್ರಪ್ಪ ತೀರಿಕೊಂಡರು. ಮಾತು ಲೀಲಮ್ಮನಲ್ಲೇ ಉಳಿಯಿತು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಕಿಶನ್ ಫೋನ್ ಮಾಡಿದ. ಅವನ ಗಡ್ಡ ಬೆಳ್ಳಗಾಗಿತ್ತು, ಈಗ ಅವನೇ ನಿರ್ದೇಶಕ. ‘ಡಿಬ್ಬಾ ಮೊಹಲ್ಲಾ’ ಮತ್ತೆ ಬರುತ್ತಿತ್ತು, ಮೊಬೈಲಿನಲ್ಲಿ ನೋಡುವ ಹಾಗೆ.

“ಲೀಲಾ ಜೀ, ನೀವಿಲ್ಲದೆ ಮೌಸಿ ಇಲ್ಲ,” ಎಂದ ಹಿಂದಿಯಲ್ಲಿ.

ಬೇಡ ಎನ್ನಲು ಬಾಯಿ ತೆರೆದ ಲೀಲಮ್ಮ, ತಮಗೇ ಆಶ್ಚರ್ಯವಾಗುವಂತೆ, “ಮದ್ರಾಸಿ ಅನ್ನೋದು ತೆಗೆದರೆ ಬರ್ತೀನಿ,” ಎಂದರು. “ನಾನು ಮದ್ರಾಸನ್ನು ಇವತ್ತಿನವರೆಗೂ ನೋಡಿಲ್ಲ. ಮತ್ತೆ ಮೌಸಿ ಎದುರುತ್ತರ ಕೊಡಬೇಕು.”

“ಅದಕ್ಕೇ ಫೋನ್ ಮಾಡಿದ್ದು,” ಎಂದ ಕಿಶನ್.

ಹೀಗೆ ಗೊಂಬೆಯ ಹೆಸರು ದಾವಣಗೆರೆ ಮೌಸಿ ಎಂದಾಯಿತು. ಧ್ವನಿ ಕೊಡುವಾಗ ಲೀಲಮ್ಮನಿಗೆ ಖುಷಿಯೇ ಖುಷಿ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಅಂಜಿಕೆ. ಜನ ಮತ್ತೆ ಆಡಿಕೊಂಡರೆ? ಮೂವತ್ತೊಂಬತ್ತು ವರ್ಷದ ಮಗ ಮತ್ತೆ ಮುಖ ತಿರುಗಿಸಿದರೆ? ಹರಿಣಿಗೂ ಹನ್ನೆರಡಾಗಿತ್ತು, ಕ್ಲಾಸಿನವರಿಗೆ ಹೆದರುವ ವಯಸ್ಸು.

ಮೊದಲ ಕಂತು ಬಿಡುಗಡೆಯಾದದ್ದು ಶನಿವಾರ. ಲೀಲಮ್ಮ ಫೋನನ್ನು ಆರಿಸಿ ದಿಂಬಿನ ಕೆಳಗಿಟ್ಟರು. ಭಾನುವಾರ ಬೆಳಿಗ್ಗೆ ಎಲ್ಲರೂ ದೋಸೆಗೆ ಕೂತಿದ್ದಾಗ ಹರಿಣಿಯ ಮೊಬೈಲಿನಿಂದ ಅವರದೇ ಧ್ವನಿ ಬಂತು. ಗಲ್ಲಿಯ ಪಂಡಿತ್ ಗೊಂಬೆ ಮೌಸಿಯನ್ನು ತಿದ್ದುತ್ತಿತ್ತು: ಮೊಸರು ಹುಳಿ ಎನ್ನಲು ದಹೀ ಖಟ್ಟೀ ಅಲ್ಲ, ದಹೀ ಖಟ್ಟಾ ಎನ್ನಬೇಕು. ಮೊಸರು ಗಂಡು. ಮೌಸಿ ಸೌಟನ್ನು ಸೊಂಟಕ್ಕಿಟ್ಟು ಕೇಳುತ್ತಿದ್ದಳು, “ಗಂಡು ಅಂತ ಯಾರು ನೋಡಿ ಬಂದರು?”

ಹರಿಣಿ ತಲೆ ಎತ್ತಿದಳು. “ಅಜ್ಜಿ, ಯೇ ತೋ ಆಪ್ ಹೋ. ನೀವೇ ಅಲ್ವಾ?”

ಲೀಲಮ್ಮ ಕಾವಲಿಯ ಮೇಲಿನ ದೋಸೆಯನ್ನು ನೋಡುತ್ತ, “ಹೌದು,” ಎಂದರು.

“ಹಾಗಾದ್ರೆ ಆ ಫಿಜಿಯೋಥೆರಪಿ?” ಎಂದಳು ಧಾರಿಣಿ.

“ಮೂರು ಮಹಡಿ ಮೆಟ್ಟಿಲು ಹತ್ತುತ್ತಿದ್ದೆನಲ್ಲ.”

ಜೀವನ್ ದೋಸೆ ಮುರಿದು ಚಟ್ನಿಗೆ ಅದ್ದಿದ. ಹರಿಣಿ ಆಗಲೇ ನೋಡುಗರು ಬರೆದದ್ದನ್ನು ಓದತೊಡಗಿದ್ದಳು. ಒಲೆ ಆರಿಸಿ ಓಡಿಹೋಗೋಣವೇ ಎನ್ನಿಸಿತು ಲೀಲಮ್ಮನಿಗೆ.

“ಮೀರಠ್‌ನಿಂದ ಒಬ್ಬರು. ಮೌಸಿ ಹೇಳಿದ್ದೇ ಸರಿ, ನಮ್ಮ ಮನೇಲೂ ದಹೀ ಖಟ್ಟೀನೇ. ಲಖನೌದವರು, ನಿಮ್ಮ ಮನೇಲಿ ಹಿಂದಿ ಕಲಿಸಿಲ್ಲವಾ ಅಂತ ಅವರಿಗೆ ಬೈದಿದ್ದಾರೆ. ಬನಾರಸ್‌ನವರು ಲಖನೌದವರಿಗೆ ಬೈದಿದ್ದಾರೆ. ಅಜ್ಜಿ, ಫೋರ್ ಹಂಡ್ರೆಡ್ ಕಮೆಂಟ್ಸ್, ಅರ್ಧ ಮೊಸರಿನ ಮೇಲೇ.”

“ನನ್ನ ಮೇಲೆ?”

“ಒಬ್ಬರು ವಾಯ್ಸ್ ಬುಡ್ಢೀ, ಮುದುಕಿ ಥರ ಆಗಿದೆ ಅಂದಿದ್ದಾರೆ.”

“ಅದು ನಿಜ. ಇನ್ನೇನಿದೆ?”

“ಒಬ್ಬರು ಹಿಂದಿಗೆ ಅವಮಾನ ಅಂದಿದ್ದಾರೆ. ಅವರಿಗೆ ಯಾರೂ ರಿಪ್ಲೈನೇ ಕೊಟ್ಟಿಲ್ಲ. ಒಬ್ಬ ಆಂಟಿ ಕೋಲ್ಕತ್ತಾದವರು, ನಲವತ್ತು ವರ್ಷದಿಂದ ದಿಲ್ಲಿಯಲ್ಲಿದೀನಿ, ಈ ಪ್ರಶ್ನೆ ಕೇಳೋಕೆ ನನಗೆ ಧೈರ್ಯ ಇರಲಿಲ್ಲ, ಥ್ಯಾಂಕ್ಯೂ ಮೌಸಿ ಅಂತ.”

ಕಾವಲಿಯ ಮೇಲಿನ ದೋಸೆ ಸೀದಿತ್ತು. ಲೀಲಮ್ಮ ಅದನ್ನು ತೆಗೆದು ಒಲೆ ಆರಿಸಿ, ಬಂದು ಕುರ್ಚಿಯಲ್ಲಿ ಕೂತರು. ಹಿಂದಿ ಬಲ್ಲವರೇ ಒಬ್ಬರಿಗೊಬ್ಬರು ಜಗಳ ಆಡುತ್ತಿದ್ದಾರೆ. ತಮ್ಮ ನಾಲಿಗೆಯನ್ನು ಆಡಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ತಿಂಗಳುಗಟ್ಟಲೆ ಬಿಗಿ ಹಿಡಿದಿದ್ದ ಭುಜ ತಾನಾಗಿ ಸಡಿಲವಾಯಿತು.

ಇನ್ನು ಉಳಿದದ್ದು ಮಗ. “ಜೀವನ್, ನಿನಗೆ ಬೇಜಾರಾಯ್ತೇನೋ?”

“ನನಗ್ಯಾಕೆ ಬೇಜಾರು?”

“ಅವತ್ತು ಪೇರೆಂಟ್ಸ್ ಮೀಟಿಂಗಿಗೆ ಬರಬೇಡ ಅಂದಿದ್ದೆಯಲ್ಲ. ಅದಕ್ಕೇ ತಾನೆ ನಾನು ಬಿಟ್ಟದ್ದು.”

ಜೀವನ್ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದ. “ನಾನು ಹಾಗಂದಿದ್ನಾ? ನನಗೆ ನೆನಪೇ ಇಲ್ಲಮ್ಮ. ಹುಡುಗರು ಮದ್ರಾಸಿ ಅಂತ ರೇಗಿಸ್ತಿದ್ದರು, ಅಳುತ್ತಿದ್ದೆ, ಅದು ನೆನಪಿದೆ. ಆಮೇಲೆ ಸ್ಕೂಲ್ ಬಸ್ಸಲ್ಲಿ ನಾನೇ ಮೌಸಿ ಧ್ವನಿ ಮಾಡೋಕೆ ಶುರು ಮಾಡಿದೆ. ನನ್ನಷ್ಟು ಚೆನ್ನಾಗಿ ಯಾರಿಗೂ ಬರ್ತಿರಲಿಲ್ಲ. ಕಿಟಕಿ ಸೀಟು ದಿನಾ ನನಗೇ.”

“ಮತ್ತೆ ನಾನು ಬಿಟ್ಟಾಗ?”

“ಬೇರೆಯವರ ಧ್ವನಿ ಬಂತಲ್ಲ, ಆಗ ಎಲ್ಲರೂ ನೋಡೋದು ಬಿಟ್ಟರು. ನನ್ನ ಸೀಟೂ ಹೋಯ್ತು. ನಿನಗೇ ಬೇಜಾರಾಗಿ ಬಿಟ್ಟೆ ಅಂದ್ಕೊಂಡಿದ್ದೆ.” ಅವನು ತಟ್ಟೆ ಸರಿಸಿದ. “ಹಾಗೆ ಹೇಳಿದ್ದರೆ ತಪ್ಪಾಯ್ತಮ್ಮ. ಒಂಬತ್ತು ವರ್ಷದ ಹುಡುಗನ ಮಾತನ್ನ ಇಷ್ಟು ದಿನ ಇಟ್ಕೊಳ್ಳೋದಾ?”

ಲೀಲಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು. ಮೂವತ್ತು ವರ್ಷ ತಾವು ಹೊತ್ತು ತಿರುಗಿದ್ದು ಇವನಿಗೆ ನೆನಪೇ ಇಲ್ಲ. ನಗುವೇ ಗೆದ್ದಿತು, ಕಣ್ಣು ಒದ್ದೆಯಾಗುವಷ್ಟು ನಕ್ಕರು. ಹರಿಣಿ ಅಪ್ಪನನ್ನು, “ಪಪ್ಪಾ, ಮಾಡಿ ತೋರಿಸಿ,” ಎಂದು ಪೀಡಿಸಿದಳು. ಜೀವನ್ ಗಂಟಲು ಸರಿಪಡಿಸಿಕೊಂಡು ಮಾಡಿದ. ಕೆಟ್ಟದಾಗಿ ಬಂತು.

“ಹೊಟ್ಟೆಯಿಂದ ಬರಬೇಕು, ಮೂಗಿನಿಂದಲ್ಲ,” ಎಂದು ಲೀಲಮ್ಮ ತಿದ್ದಿದರು.

ಮಂಗಳವಾರ ಅವರು ಆಟೋ ಹಿಡಿಯಲಿಲ್ಲ. ಆಫೀಸಿಗೆ ಒಂದು ಗಂಟೆ ತಡವಾಗಿ ಬರುವುದಾಗಿ ಹೇಳಿ ಜೀವನ್ ಕಾರಿನಲ್ಲಿ ಕರೆದುಕೊಂಡು ಹೊರಟ. ಆನಂದ ವಿಹಾರದ ಹತ್ತಿರ ಗಾಡಿಗಳು ಸಾಲಾಗಿ ನಿಂತಿದ್ದವು. ಲೀಲಮ್ಮ ಕನ್ನಡಕ ಹಾಕಿಕೊಂಡು ಆರನೇ ಕಂತಿನ ಹಾಳೆಗಳನ್ನು ತೊಡೆಯ ಮೇಲೆ ಹರಡಿ, ಮೌಸಿಯ ಮಾತುಗಳನ್ನು ಜೋರಾಗಿ ಓದಿದರು. ಪಕ್ಕದ ಈ-ರಿಕ್ಷಾದವನು ಕಿವಿಗೊಟ್ಟು ಕೇಳುತ್ತಿದ್ದ. ಅವರು ಧ್ವನಿ ತಗ್ಗಿಸಲಿಲ್ಲ.