ಮೊದಲು ಕೈ ಎತ್ತಿ, ಆಮೇಲೆ ಪೊಟ್ಟಣ

ಕಳೆದ ಭಾನುವಾರ ನಾನು ಐವತ್ತು ಪೊಟ್ಟಣ ನಾಸಿ ಲೆಮಾಕ್‌ಗೆ ಕಾವಲು ಕೂತಿದ್ದೆ. (ತೆಂಗಿನಹಾಲಿನ ಅನ್ನ ಅದು.) ಎರಡು ಗಂಟೆ ಯಾರಿಗೂ ಒಂದು ಪೊಟ್ಟಣ ಕೊಡಲಿಲ್ಲ. ಚೆನ್ನಾಗಿ ಬೈಸಿಕೊಂಡೆ. ಪರವಾಗಿಲ್ಲ, ಈ ವಯಸ್ಸಿನಲ್ಲಿ ಬೈಗುಳ ತಾಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ.

ನನ್ನ ಸೊಸೆ ಸಕೀನಾ ಈ ಮಲಯ ದೇಶದ ಒಂದು ಸರ್ಕಾರಿ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಾಳೆ. ಮೂವತ್ತು ವರ್ಷ ಅಲ್ಲೇ ಪಾತ್ರೆ ಎತ್ತಿ ರಿಟೈರ್ ಆದವಳು ನಾನು. ಹೋದ ತಿಂಗಳು ಅನ್ನ ಬೇಯಿಸುವ ಸ್ಟೀಮರಿನ ಬಾಗಿಲು ತಾನಾಗಿ ತೆರೆದುಕೊಂಡು ಅವಳ ಬಲಗೈ ಮೊಣಕೈತನಕ ಬೆಂದಿತು. ಆ ಬಾಗಿಲಿನ ಲಾಕ್ ಕೆಟ್ಟು ವರ್ಷವಾಗಿತ್ತು. ಹಗ್ಗ ಕಟ್ಟಿ ನಡೆಸುತ್ತಿದ್ದರು. (ರೋಗಿಗಳಿಗೆ ಅನ್ನ ಬೇಕಲ್ಲ!) ಆಫೀಸಿನವರು ರಿಪೋರ್ಟಿನಲ್ಲಿ ಬರೆದದ್ದೇನು? ‘ಕೆಲಸದವಳ ಅಜಾಗರೂಕತೆ.’ ಸೋಮವಾರ ವಿಚಾರಣೆ ಅಂದರು. ಸಕೀನಾ ಇನ್ನೂ ಕಾಂಟ್ರ್ಯಾಕ್ಟ್ ಮೇಲಿದ್ದಾಳೆ. ಆ ಒಂದು ಮಾತು ಕಾಗದದಲ್ಲಿ ಉಳಿದರೆ ಮುಂದಿನ ವರ್ಷ ಕೆಲಸ ಇಲ್ಲ.

“ಯೂನಿಯನ್‌ನವರನ್ನ ಜೊತೆಗೆ ಕರ್ಕೊಂಡು ಹೋಗೇ” ಅಂದೆ.

ಅವಳು ಬ್ಯಾಂಡೇಜ್ ನೋಡುತ್ತ ಕೂತಳು. “ನಾನು ಯೂನಿಯನ್ ಬಿಟ್ಟು ಎರಡು ವರ್ಷ ಆಯ್ತು ಅತ್ತೆ. ಸಂಬಳದ ವಿಷಯ ಮಾತಾಡಿ ಸೆಟಲ್ ಮಾಡೋ ಪವರ್ರೇ ಅವರಿಗಿಲ್ಲ. ಮತ್ಯಾಕೆ ಅಂತ...”

ಇವಳೊಬ್ಬಳೇ ಅಲ್ಲ, ಅರ್ಧ ಆಸ್ಪತ್ರೆ ಇದನ್ನೇ ಹೇಳುತ್ತದೆ. ಸುಳ್ಳೂ ಅಲ್ಲ. ಸಂಬಳ ಸರ್ಕಾರ ಕೂತಿರುವ ಪುತ್ರಜಯಾದಲ್ಲಿ ತೀರ್ಮಾನವಾಗುತ್ತದೆ. ಸರ್ಕಾರಿ ನೌಕರರ ಯೂನಿಯನ್ ಅಭಿಪ್ರಾಯ ಹೇಳಬಹುದು, ಎದುರು ಕೂತು ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ಹಾಗಾಗಿ ಒಬ್ಬೊಬ್ಬರಾಗಿ ಹೆಸರು ತೆಗೆಸಿಕೊಳ್ಳುತ್ತಿದ್ದಾರೆ. ಬಾಗಿಲ ಲಾಕ್ ಕೂಡ ಪುತ್ರಜಯಾದಲ್ಲೇ ತೀರ್ಮಾನವಾಗುತ್ತದಾ?

ನಾನು ನೆಟ್ಟಗೆ ಲಾಂಡ್ರಿಯ ಲೆಚ್ಚುಮಿ ಹತ್ತಿರ ಹೋದೆ. ಅವಳು ಬ್ರಾಂಚ್ ಸೆಕ್ರೆಟರಿ.

“ಅಕ್ಕಾ, ಅವಳು ಮತ್ತೆ ಮೆಂಬರ್ ಫಾರಂ ತುಂಬಿದ್ರೆ ಸಾಕು, ನಾನು ಪಕ್ಕದಲ್ಲಿ ಕೂರ್ತೀನಿ” ಅಂದಳು. “ಆದ್ರೆ ಭಾನುವಾರದ ಮೀಟಿಂಗಲ್ಲಿ ಬ್ರಾಂಚ್ ಉಳಿಸೋಕೆ ಮೂವತ್ತು ಮೆಂಬರ್ಸ್ ಕೈ ಎತ್ತಬೇಕು. ಎರಡು ಸಲ ಫೇಲ್ ಆಗಿದೆ. ಈ ಸಲವೂ ಆದ್ರೆ ಬ್ರಾಂಚೇ ಕ್ಲೋಸ್. ಆಮೇಲೆ ನಾನ್ಯಾರು?”

“ಜನ ಬರಲ್ವಾ?”

“ಯಾಕೆ ಬರಲ್ಲ? ಬರ್ತಾರೆ, ಬಾಗಿಲಲ್ಲಿ ಸೈನ್ ಹಾಕ್ತಾರೆ, ನಾಸಿ ಲೆಮಾಕ್ ಟಪಾವ್ ಅಂತ ಕಟ್ಕೊಂಡು ಹೋಗ್ತಾರೆ ಲಾ! ಪುಸ್ತಕದಲ್ಲಿ ನಲವತ್ತೈದು, ಹಾಲ್‌ನಲ್ಲಿ ಹನ್ನೊಂದು.”

ಚುಚ್ಚಿತು. ಬಾಗಿಲಲ್ಲೇ ಪೊಟ್ಟಣ ಕೊಡುವ ಪದ್ಧತಿ ತಂದವಳು ನಾನೇ. ನೈಟ್ ಡ್ಯೂಟಿ ಮುಗಿಸಿ ಹಸಿದು ಬರುತ್ತಾರೆ, ತಿಂದುಕೊಂಡು ಕೂರಲಿ ಅಂತ. ಆಗ ಕೂರುತ್ತಿದ್ದರು. ಈಗ ಕೂರುವುದಿಲ್ಲ. ತಪ್ಪು ನನ್ನದು, ನಾನೇ ಸರಿಮಾಡಬೇಕು.

ಭಾನುವಾರ ಪೊಟ್ಟಣಗಳ ಪೆಟ್ಟಿಗೆಗಳನ್ನು ವೇದಿಕೆಯ ಮೇಜಿನ ಕೆಳಗೆ ತಳ್ಳಿ, ಎದುರು ಕುರ್ಚಿ ಹಾಕಿ ಕೂತೆ.

“ಮಾಕ್ಚಿಕ್, ಪ್ಯಾಕೆಟ್ ಎಲ್ಲಿ?” ಎಕ್ಸ್‌ರೇ ವಿಭಾಗದ ಅಜ್ಮಾನ್ ಬಂದ. (ಮುದುಕಿಯರೆಲ್ಲ ಇಲ್ಲಿ ಮಾಕ್ಚಿಕ್.)

“ಮೊದಲು ಕೈ ಎತ್ತು, ಆಮೇಲೆ ಮಾಕಾನ್.”

“ಸಂಬಳ ಕೇಳೋಕಾಗದ ಯೂನಿಯನ್‌ಗೆ ಕೈ ಬೇರೆ ಎತ್ತಬೇಕಾ? ಹೊರಗೆ ಮಾಮಾಕ್ ತಿಂಡಿ ಅಂಗಡಿ ಇದೆ, ಬಿಡಿ.”

“ಹೋಗು. ಮುಂದೆ ನಿನಗೂ ವಿಚಾರಣೆ ಬಂದ್ರೆ ಆ ಅಂಗಡಿಯವನು ಬರ್ತಾನಾ, ರೋಟಿ ಚನಾಯ್ ಹಿಡ್ಕೊಂಡು?”

ಹೋದ. ಅವನ ಹಿಂದೆ ಇನ್ನೂ ನಾಲ್ವರು ಹೋದರು. ಉಳಿದವರು ಗೊಣಗುತ್ತ ಕೂತರು. ಯೂನಿಯನ್ ಹೆಡ್ ಆಫೀಸಿನಿಂದ ಬಂದವರು ತಲೆ ಎಣಿಸಿದರು. ಇಪ್ಪತ್ತೊಂಬತ್ತು. ಮತ್ತೆ ಎಣಿಸಿದರು. ಇಪ್ಪತ್ತೊಂಬತ್ತೇ. ಸಕೀನಾ ಮೆಂಬರ್ ಫಾರಂಗೆ ಎಡಗೈಯಲ್ಲಿ ಸೈನ್ ಹಾಕಿ ಮೂಲೆಯಲ್ಲಿ ಕೂತಿದ್ದಳು. ಆದರೆ ಹೊಸ ಮೆಂಬರಿಗೆ ಆ ದಿನ ವೋಟಿಲ್ಲ. ರಿಟೈರ್ ಆದ ನನಗೂ ಇಲ್ಲ. ಲೆಚ್ಚುಮಿ ಮುಖ ಒರೆಸಿಕೊಂಡಳು.

“ಹತ್ತು ನಿಮಿಷ ಕಾಯಿರಿ” ಅಂದೆ. ಯಾವ ಅಧಿಕಾರದಿಂದ? ಪೊಟ್ಟಣದ ಅಧಿಕಾರದಿಂದ.

ಎಂಟನೇ ನಿಮಿಷಕ್ಕೆ ಅಜ್ಮಾನ್ ಬಂದ. ಮಾಮಾಕ್ ಅಂಗಡಿ ಮುಚ್ಚಿತ್ತಂತೆ. ಹಸಿದು ಬಂದನೋ, ನಾಚಿ ಬಂದನೋ, ನಾನು ಕೇಳಲಿಲ್ಲ. ಬಾಗಿಲಲ್ಲೇ ನಿಂತು ಸಕೀನಾಳ ಕೈ ನೋಡಿದ. “ಅದೇ ಸ್ಟೀಮರ್?” ಅಂದ. ಅವಳು ಹೂಂ ಅಂದಳು. ಬಂದು ಕೂತ. ಕೈ ಎತ್ತಿದ. ಮೂವತ್ತು.

ಅವನಿಗೆ ಎರಡು ಪೊಟ್ಟಣ ಕೊಟ್ಟೆ.

ಸೋಮವಾರ ಲೆಚ್ಚುಮಿ ಸಕೀನಾಳ ಪಕ್ಕ ಕೂತಳು. ಲಾಕ್ ರಿಪೇರಿಗೆ ಬ್ರಾಂಚ್ ಬರೆದಿದ್ದ ಮೂರು ಪತ್ರಗಳನ್ನು ಮೇಜಿನ ಮೇಲಿಟ್ಟಳು. ಕೊನೆಯ ತೀರ್ಮಾನ ಇನ್ನೂ ಬಂದಿಲ್ಲ. ಆದರೆ ರಿಪೋರ್ಟಿನ ‘ಅಜಾಗರೂಕತೆ’ಯ ಮೇಲೆ ಗೀಟು ಬಿದ್ದಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಮಲಯ ಓದಲು ಬಾರದು. ಗೀಟು ಗುರುತಿಸಲು ಬರುತ್ತದೆ.

ಸಂಬಳ ಕೇಳುವ ಬಾಯಿಗೆ ಅವರು ಬೀಗ ಹಾಕಿದ್ದಾರೆ, ಸರಿ. ಪಕ್ಕದ ಕುರ್ಚಿ ಖಾಲಿ ಬಿಡಿ ಅಂತ ನಮಗೆ ಯಾರು ಹೇಳಿದರು?