ಏರಿಗೆ ಬಲ ಕೊಟ್ಟ ಮೇಸ್ತ್ರಿ

ನಮ್ಮ ಬಸ್ಸು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗಳ ಬಲಗಿವಿಯ ಸುತ್ತ ಯಾವಾಗಲೂ ಎಣ್ಣೆಯ ಕಪ್ಪು ಅಂಟಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಳಗೆ ಏನು ಸವೆದಿದೆ ಎಂದು ಬಿಚ್ಚದೆಯೇ ಹೇಳುವರು. ಹುಲಿಕುಂಟೆ ಕಡೆಯ ಕುರಿ ಕಾಯುವ ಮನೆತನ ಅವರದು. "ಮಂದೇಲಿ ಕೆಮ್ಮೋ ಕುರಿ ಯಾವ್ದು ಅಂತ ಹುಡುಕೋದ್ಕಿಂತ ಇದು ಸಲೀಸು ಕಣ್ಲಾ" ಎಂದು ನಗುತ್ತಿದ್ದರು.

ಮಹಾರಾಜರ ಕಾಲ. ನಾನು ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಓಡಿಸುತ್ತಿದ್ದೆ. ದಾರಿಯಲ್ಲೊಂದು ಉದ್ದನೆಯ ಏರು. ಅಲ್ಲಿ ಜನರೆಲ್ಲ ಇಳಿದು, ಬಸ್ಸಿನ ಹಿಂದೆ ನಡೆಯಬೇಕಿತ್ತು. ಒಮ್ಮೆ ತುಂಬು ಬಸುರಿಯೊಬ್ಬಳು ಏದುಸಿರು ಬಿಡುತ್ತ ಏರು ಹತ್ತಿದ್ದನ್ನು ಮೇಸ್ತ್ರಿಗಳು ಕಂಡರು. ಮಾರನೆಯ ದಿನವೇ ಎಂಜಿನ್ನಿನ ತಲೆ ಬಿಚ್ಚಿದರು. ಅದರ ಅಡಿಯನ್ನು ಅರ್ಧ ರಾಗಿಕಾಳಿನಷ್ಟು ಸವೆಸಿದರೆ ಪೆಟ್ರೋಲು ಇನ್ನಷ್ಟು ಇಕ್ಕಟ್ಟಿನಲ್ಲಿ ಉರಿದು ಬಲ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ವಾರವಿಡೀ ಅರದಿಂದ ಉಜ್ಜಿದರು, ಗಾಜಿನ ಮೇಲಿಟ್ಟು ಮಟ್ಟ ನೋಡಿದರು.

ಮೊದಲ ದಿನ ನನ್ನ ಪಕ್ಕದಲ್ಲೇ ಕೂತು ಬಂದರು. ಏರಿನಲ್ಲಿ ಒಬ್ಬರೂ ಇಳಿಯಲಿಲ್ಲ! ಬಸ್ಸು ಗುಡುಗುತ್ತ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಅಮಲಿನಲ್ಲಿ ಇಳಿಜಾರಿನಲ್ಲೂ ಜೋರಾಗಿ ಬಿಟ್ಟೆ. "ಲೇ, ನಿಧಾನ!" ಎಂದು ಮೇಸ್ತ್ರಿ ಕೂಗುವಷ್ಟರಲ್ಲಿ ತಿರುವಿನಲ್ಲಿ ಎತ್ತಿನ ಗಾಡಿ. ಎರಡೂ ಕಾಲಿನಿಂದ ಬ್ರೇಕ್ ತುಳಿದೆ. ಬಸ್ಸು ನಿಲ್ಲದೆ ಜಾರಿಕೊಂಡು ಹೋಗಿ, ಬೇಲಿಗೆ ನುಗ್ಗಿ, ಎತ್ತಿನ ಕೊಂಬಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಜನ ನನ್ನ ಮೇಲೆ ಬೀಳುವ ಮೊದಲೇ ಮೇಸ್ತ್ರಿಗಳು ಇಳಿದು ಕೈ ಮುಗಿದರು. "ತಪ್ಪು ನಂದು. ಓಡೋಕೆ ಬಲ ಕೊಟ್ಟೆ, ನಿಲ್ಲೋಕೆ ಕೊಡ್ನಿಲ್ಲ."

ಬಸ್ಸಿನ ಸಾಹುಕಾರರಿಗೆ ಮಾತ್ರ ಏರು ಹತ್ತಿದ್ದೊಂದೇ ಕಿವಿಗೆ ಬಿದ್ದಿತ್ತು. "ಇನ್ನೂ ಒಸಿ ಸವೆಸು ಮೇಸ್ತ್ರಿ. ಶಿರಾ ಬಸ್ಸು ನಮ್ಮ ಧೂಳು ಕುಡೀಬೇಕು" ಎಂದರು.

"ಆಗಾಕಿಲ್ಲ ಸಾವ್ಕಾರ್ರೇ. ಈಗ್ಲೇ ಏರಲ್ಲಿ ಎಂಜಿನ್ನು ಟಣಟಣ ಅಂತೈತೆ. ಇನ್ನೂ ಬಿಗಿ ಮಾಡಿದ್ರೆ ಒಡೆದೋಯ್ತದೆ. ಬ್ರೇಕ್ ಸರಿ ಮಾಡೋಗಂಟ ಬಸ್ಸು ಹೊರಡಾಕಿಲ್ಲ."

"ಬಸ್ಸು ನಂದು ಕಣಯ್ಯ!"

"ಬಸ್ಸು ನಿಮ್ದು. ಅದ್ರೊಳಗೆ ಕೂರೋರು ನಿಮ್ಮೋರಲ್ಲ."

ಅಂದು ಬಸ್ಸು ಚಾಲೂ ಮಾಡುವ ಹ್ಯಾಂಡಲನ್ನು ಹೆಗಲ ಮೇಲಿಟ್ಟುಕೊಂಡು ಅವರು ಬಜಾರಿನಲ್ಲಿ ನಡೆದು ಹೋದದ್ದನ್ನು ಮಧುಗಿರಿಯೆಲ್ಲ ನೋಡಿತು. ನಾಲ್ಕು ದಿನ ಕೊಡಲಿಲ್ಲ. ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕ್ ಪಟ್ಟಿ ಹೊಡೆದರು. ಎಂಜಿನ್ನಿನ ತಲೆಯ ಕೆಳಗೆ ತೆಳು ತಾಮ್ರದ ತಗಡು ಕೊಟ್ಟು, ಏರಿದ್ದ ಬಲವನ್ನು ಚೂರು ತಗ್ಗಿಸಿದರು. ಟಣಟಣ ನಿಂತಿತು. ಬಸ್ಸು ಏರನ್ನೂ ಹತ್ತಿತು, ಇಳಿಜಾರಿನಲ್ಲೂ ಹೇಳಿದ ಕಡೆ ನಿಂತಿತು. ವರ್ಷಗಟ್ಟಲೆ ಓಡಿಸಿದೆ, ಆ ಏರಿನಲ್ಲಿ ಮತ್ತೆ ಯಾರನ್ನೂ ಇಳಿಸಲಿಲ್ಲ.

ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅವರ ಮಗಳ ಮುಂದೆ ಬಾಯಿ ಬಿಟ್ಟೆ. "ಅವತ್ತು ಇಳಿಜಾರಲ್ಲಿ ಬಸ್ಸು ಜೋರಾಗಿ ಬಿಟ್ಟಿದ್ದು ನಾನು ಕಣಮ್ಮ. ನಿಮ್ಮಪ್ಪ ಸುಮ್ಮನೆ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರು."

ಅವಳು ಅಳುತ್ತಲೇ ನನ್ನನ್ನು ನೋಡಿದಳು. "ಅಪ್ಪ ನಮಗೆ ಅಂಗೆ ಹೇಳ್ಲೇ ಇಲ್ವಲ್ಲಣ್ಣ. 'ಆ ಡ್ರೈವರ್ ಎದೆಗುಂದದೆ ಬ್ರೇಕ್ ತುಳಿದ, ಅದ್ಕೇ ಎಲ್ರೂ ಉಳ್ಕಂಡ್ರು' ಅಂತ ಬಂದೋರಿಗೆಲ್ಲ ಹೇಳೋನು."